ಮಾತು ಕಡಿಮೆಯಿರುವ ವಿದ್ಯಾರ್ಥಿಗೆ ಭಾವನಾತ್ಮಕ ಬುದ್ಧಿಮತ್ತೆಯೂ ಕಡಿಮೆಯೇ?

ಪ್ರಶ್ನೆ – ಕಲ್ಸಂಕದ ಉಪನ್ಯಾಸಕಿ

ನಾನು ಉಡುಪಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಪ್ರಶ್ನೆ ಕೇಳುವ ರೀತಿಯಲ್ಲೇ ತಪ್ಪಿದ್ದರೆ ದಯವಿಟ್ಟು ತಿದ್ದಿ.

ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಸಂದರ್ಶನಕ್ಕೆ ಮುನ್ನ ಹೊರಗಿನ ಸಂಸ್ಥೆಯೊಂದು ಒಂದು ದಿನದ ತರಬೇತಿ ನಡೆಸಿಕೊಟ್ಟಿತು. ಬೆಳಗ್ಗೆ ‘ಭಾವನಾತ್ಮಕ ಬುದ್ಧಿಮತ್ತೆ’ಯನ್ನು ಅಳೆಯುವ ಪ್ರಶ್ನಾವಳಿಯನ್ನು ಹಂಚಿ, ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಅಂಕ ಬರೆಸಿ, ಊಟದ ಹೊತ್ತಿಗೆ ಕೂಡಿಸಿ, ಮಧ್ಯಾಹ್ನ ಹೆಚ್ಚು ಅಂಕ ಬಂದವರನ್ನು ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಿದರು. ಕಡಿಮೆ ಬಂದವರ ಹೆಸರನ್ನು ಓದಲಿಲ್ಲ, ಅಷ್ಟೇ ಸಮಾಧಾನ. ಆದರೆ ಹಾಳೆಗಳನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತ ಹಿಂದಿರುಗಿಸಿದ್ದರಿಂದ ಯಾರ ಅಂಕವೂ ಗುಟ್ಟಾಗಿ ಉಳಿಯಲಿಲ್ಲ. ಪರದೆಯ ಮೇಲೆ ‘ಬದುಕಿನ ಯಶಸ್ಸಿನಲ್ಲಿ ಶೇಕಡಾ 80 ಪಾಲು ಭಾವನಾತ್ಮಕ ಬುದ್ಧಿಮತ್ತೆಯದ್ದು’ ಎಂಬ ವಾಕ್ಯವೂ ದೊಡ್ಡ ಅಕ್ಷರಗಳಲ್ಲಿ ಇತ್ತು.

ಮೊದಲ ಸ್ಥಾನ ಬಂದವನು ಕಾಲೇಜಿನ ಎಲ್ಲ ಸಮಾರಂಭಗಳನ್ನು ನಿರೂಪಿಸುವ ಹುಡುಗ. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ತೀರ ಕೆಳಗೆ ಬಂದವರಲ್ಲಿ ಒಬ್ಬಳು ಮಲ್ಪೆ ಕಡೆಯಿಂದ ಬರುವ ಹುಡುಗಿ. ಮೂರು ವರ್ಷಗಳಲ್ಲಿ ತರಗತಿಯಲ್ಲಿ ಅವಳಾಗಿಯೇ ಎದ್ದು ಮಾತನಾಡಿದ್ದು ನನಗೆ ನೆನಪಿಲ್ಲ. ಆದರೆ ಕಳೆದ ಸೆಮಿಸ್ಟರಿನಲ್ಲಿ ಒಂದು ದಿನ ಮೊದಲ ಗಂಟೆ ಹೊಡೆಯುವ ಮುನ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮೇಡಂ, ಇವತ್ತಿನ ಸೆಮಿನಾರ್ ಸರದಿ ಅವನಿಗೆ ಬೇಡ, ನಾಳೆಗೆ ಇಡಬಹುದಾ?’ ಎಂದು ಸಹಪಾಠಿಯೊಬ್ಬನ ಬಗ್ಗೆ ಕೇಳಿದ್ದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ದೋಣಿಯ ಸಾಲದ ವಿಚಾರವಾಗಿ ಅವನ ಮನೆಯಲ್ಲಿ ಹಿಂದಿನ ರಾತ್ರಿ ದೊಡ್ಡ ಜಗಳವಾಗಿತ್ತೆಂದು ನನಗೆ ತಿಳಿದದ್ದು ವಾರದ ಬಳಿಕ. ಅವನು ಅವಳಿಗೂ ಏನೂ ಹೇಳಿರಲಿಲ್ಲವಂತೆ. ‘ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕರೆದರೂ ಚಿಲ್ಲರೆ ತೆಗೆದುಕೊಳ್ಳಲಿಲ್ಲ ಮೇಡಂ, ಅದಕ್ಕೆ ಗೊತ್ತಾಯಿತು’ ಎಂದಳು. ಅದೇ ದಿನ ಅದೇ ಹುಡುಗನ ಬೆನ್ನಿಗೆ ತಟ್ಟಿ, ಎಲ್ಲರೆದುರು ‘ಏನೋ, ಮುಖ ಯಾಕೆ ಹೀಗೆ?’ ಎಂದು ನಗಿಸಲು ನೋಡಿದವನು ನಮ್ಮ ನಿರೂಪಕ.

ತರಬೇತಿಯ ಮರುದಿನ ಅವಳು ಹಾಳೆಯನ್ನು ನನಗೆ ತೋರಿಸಿ, ‘ನನ್ನ ಸ್ವಭಾವವೇ ಹೀಗಲ್ಲವಾ, ಇನ್ನು ಇದು ಬದಲಾಗುವುದುಂಟಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತರ ಆಸುಪಾಸಿನವರಲ್ಲಿ ವ್ಯಕ್ತಿತ್ವಕ್ಕೂ ಭಾವನಾತ್ಮಕ ಬುದ್ಧಿಮತ್ತೆಗೂ ಇರುವ ಸಂಬಂಧವೇನು? ಅಂತರ್ಮುಖಿಗಳಿಗೆ ಅದು ಹುಟ್ಟಿನಿಂದಲೇ ಕಡಿಮೆ ಎಂದು ಅರ್ಥವೇ?

ಉತ್ತರ 1 – ಕೊಣಾಜೆ ಗುಡ್ಡದಿಂದ

ಉಪನ್ಯಾಸಕಿಯವರೇ, ನಿಮ್ಮ ಪ್ರಶ್ನೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಹಾಳೆಯನ್ನು ಓದಿದ ಕ್ರಮದಲ್ಲಿ. ನಾನು ಈ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವುದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. 1990ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಈ ಪರಿಕಲ್ಪನೆಯನ್ನು ಮಂಡಿಸಿದಾಗ ಅದು ಸಾಮರ್ಥ್ಯವೊಂದರ ಹೆಸರಾಗಿತ್ತು. 1997ರಲ್ಲಿ ಅವರೇ ಅದನ್ನು ನಾಲ್ಕು ಕವಲುಗಳಾಗಿ ವಿವರಿಸಿದರು: ಮುಖ, ದನಿ, ನಡೆಗಳಲ್ಲಿ ಭಾವವನ್ನು ಗುರುತಿಸುವುದು, ಯೋಚನೆಗೆ ಭಾವವನ್ನು ಬಳಸಿಕೊಳ್ಳುವುದು, ಒಂದು ಭಾವ ಇನ್ನೊಂದಾಗಿ ಹೇಗೆ ತಿರುಗುತ್ತದೆಂದು ತಿಳಿಯುವುದು, ತನ್ನ ಮತ್ತು ಇತರರ ಭಾವಗಳನ್ನು ನಿಭಾಯಿಸುವುದು. ಇದನ್ನು ಅಳೆಯುವ ಮೇಯರ್–ಸಲೋವೆ–ಕರೂಸೊ ಪರೀಕ್ಷೆಯ 2002ರ ರೂಪದಲ್ಲಿ 141 ಪ್ರಶ್ನೆಗಳಿವೆ. ಅಲ್ಲಿ ‘ನೀವು ಇತರರ ಮನಸ್ಸನ್ನು ಅರಿಯಬಲ್ಲಿರಾ?’ ಎಂದು ಕೇಳುವುದಿಲ್ಲ. ಚಿತ್ರದಲ್ಲಿ ಒಂದು ಮುಖವನ್ನು ತೋರಿಸಿ ಅದರಲ್ಲಿ ಯಾವ ಭಾವ ಎಷ್ಟಿದೆ ಎಂದು ಕೇಳುತ್ತಾರೆ.

ಇದಕ್ಕೆ ಪೂರ್ತಿ ಬೇರೆಯಾದ ದಾರಿ ಸ್ವವರದಿಯದು, ಅಂದರೆ ತನ್ನ ಬಗ್ಗೆ ತಾನೇ ಅಂಕ ಹಾಕಿಕೊಳ್ಳುವುದು. ನಿಮ್ಮ ವಿದ್ಯಾರ್ಥಿಗಳು ತುಂಬಿಸಿದ್ದು ಈ ಬಗೆಯದು ಎಂದು ನಿಮ್ಮ ವಿವರಣೆಯಿಂದಲೇ ತಿಳಿಯುತ್ತದೆ. ಇಲ್ಲಿ ‘ಹೊಸಬರ ಜೊತೆ ನಾನು ಸಲೀಸಾಗಿ ಬೆರೆಯುತ್ತೇನೆ’, ‘ಕಷ್ಟ ಬಂದರೂ ನನ್ನ ಉತ್ಸಾಹ ಕುಂದುವುದಿಲ್ಲ’ ಎಂಬಂಥ ವಾಕ್ಯಗಳಿರುತ್ತವೆ. ಮೊದಲನೆಯದು ಬಹಿರ್ಮುಖತೆಯನ್ನು ಕೇಳುತ್ತಿದೆ, ಎರಡನೆಯದು ಮನಸ್ಸಿನ ಸ್ಥಿರತೆಯನ್ನು ಕೇಳುತ್ತಿದೆ. ಎರಡೂ ವ್ಯಕ್ತಿತ್ವದ ಪ್ರಶ್ನೆಗಳೇ. ಇಂಥ ಅಳತೆಯ ಒಬ್ಬ ಮುಖ್ಯ ಪ್ರತಿಪಾದಕರಾದ ಕೆ. ವಿ. ಪೆಟ್ರಿಡಿಸ್ ಇದನ್ನು ಮರೆಮಾಚಿಲ್ಲ. ಏಡ್ರಿಯನ್ ಫರ್ನ್‌ಹ್ಯಾಮ್ ಅವರೊಡನೆ 2001ರಲ್ಲಿ ಬರೆದಾಗಲೇ ಅವರು ಇದನ್ನು ಬುದ್ಧಿಶಕ್ತಿಯ ಸಾಲಿನಲ್ಲಿ ಇಡದೆ ವ್ಯಕ್ತಿತ್ವದ ಗುಣಗಳ ಸಾಲಿನಲ್ಲಿಟ್ಟರು. ತನ್ನ ಭಾವಸಾಮರ್ಥ್ಯದ ಬಗ್ಗೆ ವ್ಯಕ್ತಿಗಿರುವ ನಂಬಿಕೆ ಎಂಬುದು ಅವರ ವ್ಯಾಖ್ಯೆಯ ತಿರುಳು.

ಇನ್ನು ಸಂಬಂಧದ ಮಾತು. ವ್ಯಕ್ತಿತ್ವವನ್ನು ಇಂದು ಸಾಮಾನ್ಯವಾಗಿ ಐದು ದೊಡ್ಡ ಗುಣಗಳಾಗಿ ಅಳೆಯುತ್ತಾರೆ: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವನಾತ್ಮಕ ಅಸ್ಥಿರತೆ, ಹೊಸತಿಗೆ ತೆರೆದ ಮನಸ್ಸು. ಸ್ವವರದಿಯ ಭಾವನಾತ್ಮಕ ಬುದ್ಧಿಮತ್ತೆ ಇವುಗಳಲ್ಲಿ ಅಸ್ಥಿರತೆಯೊಡನೆ ಗಟ್ಟಿಯಾದ ವಿಲೋಮ ಸಂಬಂಧವನ್ನೂ (ಒಂದು ಏರಿದರೆ ಇನ್ನೊಂದು ಇಳಿಯುವುದು), ಬಹಿರ್ಮುಖತೆಯೊಡನೆ ಗಟ್ಟಿಯಾದ ಅನುಲೋಮ ಸಂಬಂಧವನ್ನೂ (ಎರಡೂ ಒಟ್ಟಿಗೆ ಏರುವುದು) ತೋರಿಸುತ್ತದೆ. ಕರ್ತವ್ಯನಿಷ್ಠೆಯೂ ಹಿಂದೆ ಬೀಳುವುದಿಲ್ಲ. 2017ರಲ್ಲಿ ಡಿಮಿಟ್ರಿ ವಾನ್ ಡರ್ ಲಿಂಡೆನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಐದೂ ಗುಣಗಳನ್ನು ಒಂದಾಗಿ ಹಿಂಡಿ ತೆಗೆದ ‘ಸಾಮಾನ್ಯ ವ್ಯಕ್ತಿತ್ವ ಅಂಶ’ಕ್ಕೂ ಈ ಬಗೆಯ ಭಾವನಾತ್ಮಕ ಬುದ್ಧಿಮತ್ತೆಗೂ ಇರುವ ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆಂಬ ಅಂಕಿ; ಸೊನ್ನೆಯೆಂದರೆ ನಂಟಿಲ್ಲ, ಒಂದೆಂದರೆ ಪೂರ್ತಿ ನಂಟು) ಸುಮಾರು 0.85 ಬಂತು. ಅದರ ವರ್ಗ 0.72. ಅಂದರೆ ಒಂದರ ಏರಿಳಿತದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಇನ್ನೊಂದರ ಜೊತೆಗೆ ಹಂಚಿಕೊಂಡದ್ದು. ಹೀಗಿರುವಾಗ ಎರಡು ಪ್ರಶ್ನಾವಳಿಗಳನ್ನು ಒಟ್ಟಿಗೆ ಹಂಚಿ ‘ಇವೆರಡಕ್ಕೂ ಗಾಢ ಸಂಬಂಧ ಕಂಡುಬಂತು’ ಎಂದು ಬರೆಯುವುದೆಂದರೆ, ಗಂಜಿಯನ್ನು ಎರಡು ಬಟ್ಟಲಿಗೆ ಬಡಿಸಿ ಎರಡರ ರುಚಿಯೂ ಒಂದೇ ಎಂದು ಬೆರಗುಪಟ್ಟಂತೆ.

ಸಾಮರ್ಥ್ಯ ಪರೀಕ್ಷೆಯ ಕಥೆ ಬೇರೆ. ಅದು ಬಹಿರ್ಮುಖತೆಯೊಡನೆ ಹೆಚ್ಚು ನಂಟು ತೋರಿಸುವುದಿಲ್ಲ. ಸೌಹಾರ್ದ ಮತ್ತು ತೆರೆದ ಮನಸ್ಸುಗಳೊಡನೆ ಮಿತವಾದ ನಂಟು ತೋರಿಸುತ್ತದೆ, ಭಾಷಾಸಾಮರ್ಥ್ಯವನ್ನೂ ಒಳಗೊಂಡ ಸಾಮಾನ್ಯ ಬುದ್ಧಿಶಕ್ತಿಯೊಡನೆಯೂ ಸ್ವಲ್ಪ. 2003ರಲ್ಲಿ ಮಾರ್ಕ್ ಬ್ರ್ಯಾಕೆಟ್ ಮತ್ತು ಮೇಯರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಎರಡೂ ಬಗೆಯ ಅಳತೆಗಳನ್ನು ಕೊಟ್ಟು ಹೋಲಿಸಿದರು. ಸಾಮರ್ಥ್ಯ ಪರೀಕ್ಷೆಗೂ 33 ವಾಕ್ಯಗಳ ಪ್ರಸಿದ್ಧ ಸ್ವವರದಿ ಪ್ರಶ್ನಾವಳಿಗೂ ನಡುವೆ ಸಿಕ್ಕ ಸಹಸಂಬಂಧ ಕೇವಲ 0.18. ಅದರ ವರ್ಗ ಸುಮಾರು 0.03. ಒಂದೇ ಹೆಸರು ಹೊತ್ತ ಎರಡು ಅಳತೆಗಳ ನಡುವೆ ನೂರಕ್ಕೆ ಮೂರು ಪಾಲಷ್ಟೇ ಸಮಾನ! ತಾನು ಇತರರ ಮನಸ್ಸನ್ನು ಬಲ್ಲೆನೆಂದುಕೊಳ್ಳುವುದು ಬೇರೆ, ಬಲ್ಲುದು ಬೇರೆ ಎಂಬುದನ್ನು ಅಂಕಿಗಳಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಪರದೆಯ ಮೇಲಿನ ಶೇಕಡಾ 80ರ ಬಗ್ಗೆಯೂ ಒಂದು ಮಾತು. ಡೇನಿಯಲ್ ಗೋಲ್‌ಮನ್ 1995ರ ತಮ್ಮ ಜನಪ್ರಿಯ ಪುಸ್ತಕದಲ್ಲಿ ಬರೆದದ್ದು, ಬದುಕಿನ ಯಶಸ್ಸಿನಲ್ಲಿ ಬುದ್ಧ್ಯಂಕದ ಪಾಲು ಹೆಚ್ಚೆಂದರೆ ಶೇಕಡಾ 20, ಉಳಿದ 80 ಬೇರೆ ಸಂಗತಿಗಳಿಗೆ ಸೇರಿದ್ದು ಎಂದು. ಆ ಬೇರೆ ಸಂಗತಿಗಳಲ್ಲಿ ಹುಟ್ಟಿದ ಮನೆಯ ಸ್ಥಿತಿಗತಿಯೂ ಅದೃಷ್ಟವೂ ಸೇರಿವೆ. ಮುಂದೆ ತರಬೇತುದಾರರ ಕೈಯಲ್ಲಿ ಇಡೀ 80ನ್ನೂ ಭಾವನಾತ್ಮಕ ಬುದ್ಧಿಮತ್ತೆಯ ಖಾತೆಗೆ ಜಮಾ ಮಾಡಲಾಯಿತು. ವಾಣಿಜ್ಯಶಾಸ್ತ್ರದವರಾದ ನಿಮಗೆ ಇದು ಎಂಥ ಲೆಕ್ಕವೆಂದು ನಾನು ಹೇಳಬೇಕಾಗಿಲ್ಲ. ಉದ್ಯೋಗದ ವಿಚಾರದಲ್ಲಂತೂ, 2015ರಲ್ಲಿ ಡಾನಾ ಜೋಸೆಫ್ ಮತ್ತು ಸಂಗಡಿಗರು ತೋರಿಸಿಕೊಟ್ಟಂತೆ, ಸ್ವವರದಿಯ ಅಂಕದಿಂದ ವ್ಯಕ್ತಿತ್ವ, ಆತ್ಮವಿಶ್ವಾಸ, ಬುದ್ಧಿಶಕ್ತಿ ಮೊದಲಾದವುಗಳ ಪಾಲನ್ನು ಕಳೆದರೆ ಕೆಲಸದ ದಕ್ಷತೆಯನ್ನು ಮುನ್ಸೂಚಿಸಲು ಉಳಿಯುವುದು ಸೊನ್ನೆಗೆ ಹತ್ತಿರ.

ನಿಮ್ಮ ವಿದ್ಯಾರ್ಥಿನಿ ಬಸ್ಸಿನಲ್ಲಿ ಗಮನಿಸಿದಳಲ್ಲ, ತೆಗೆದುಕೊಳ್ಳದೆ ಉಳಿದ ಆ ಚಿಲ್ಲರೆಯನ್ನು? ಅದು ಮೊದಲ ಕವಲು. ಸರದಿಯನ್ನು ಮುಂದೂಡಿಸಿದ್ದು ನಾಲ್ಕನೆಯದು. ಆ ಹಾಳೆಯಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಉತ್ತರ 2 – ಬ್ರಹ್ಮಾವರದ ಅರ್ಥಧಾರಿ

ನಾನು ನಿವೃತ್ತ ಶಾಲಾ ಅಧ್ಯಾಪಕ; ನಲ್ವತ್ತು ವರ್ಷಗಳಿಂದ ಹವ್ಯಾಸಿಯಾಗಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದೇನೆ. ಮನಶ್ಶಾಸ್ತ್ರದ ಅಂಕಿಗಳು ನನಗೆ ತಿಳಿಯವು. ಆದರೆ ಮೇಲಿನ ಉತ್ತರದಲ್ಲಿ ಬಂದ ನಾಲ್ಕು ಕವಲುಗಳನ್ನು ಓದಿದಾಗ ನಮ್ಮ ಕೂಟಗಳು ಕಣ್ಣ ಮುಂದೆ ಬಂದುದರಿಂದ ಬರೆಯುತ್ತಿದ್ದೇನೆ.

ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ನಮ್ಮ ಕಡೆ ತಾಳಮದ್ದಳೆ ನಡೆಯುವುದು ಎಲ್ಲರಿಗೂ ತಿಳಿದದ್ದೇ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಕೂಡಲೇ ಕುಳಿತಲ್ಲಿಂದಲೇ ಮಾತು ಹುಟ್ಟಬೇಕು. ಸಂಧಾನಕ್ಕೆ ಬಂದ ಕೃಷ್ಣನ ಅರ್ಥ ಹೇಳುವವನಿಗೆ ಎದುರಿನ ಕೌರವ ಇವತ್ತು ಯಾವ ಲಹರಿಯಲ್ಲಿದ್ದಾನೆ, ಚುಚ್ಚಿದರೆ ಹಾಸ್ಯಕ್ಕೆ ತಿರುಗಿಸುತ್ತಾನೋ ನಿಜವಾಗಿ ಕೆರಳುತ್ತಾನೋ ಎಂಬುದು ಮೊದಲ ಎರಡು ಮಾತುಗಳಲ್ಲೇ ಹೊಳೆಯಬೇಕು. ಹೊಳೆಯದಿದ್ದರೆ ವಾದ ಜಗಳವಾಗುತ್ತದೆ. ಆದದ್ದನ್ನೂ ನೋಡಿದ್ದೇನೆ. ನಾನು ಕಂಡ ಅತ್ಯಂತ ಸೂಕ್ಷ್ಮ ಅರ್ಥಧಾರಿಯೊಬ್ಬರು ಚೌಕಿಯಲ್ಲಿ (ಕಲಾವಿದರು ಸಿದ್ಧರಾಗುವ ಕೋಣೆಯಲ್ಲಿ) ಚಹಾ ಕುಡಿಯುವಾಗ ನಾಲ್ಕು ಮಾತು ಆಡಿದರೆ ಹೆಚ್ಚು. ಮದುವೆ ಮನೆಯಲ್ಲಿ ಮೂಲೆ ಹುಡುಕಿ ಕುಳಿತುಕೊಳ್ಳುವ ಜನ. ಅವರಿಗೆ ಆ ಪ್ರಶ್ನಾವಳಿ ಕೊಟ್ಟಿದ್ದರೆ ಅವರೂ ಕೊನೆಯ ಸಾಲಿನಲ್ಲೇ ಬರುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವ (ನೆಲೆನಿಲ್ಲುವವು), ಮೂವತ್ತಮೂರು ವ್ಯಭಿಚಾರಿಭಾವ (ಬಂದು ಹೋಗುವವು), ಎಂಟು ಸಾತ್ವಿಕಭಾವ, ಒಟ್ಟು 49 ಭಾವಗಳನ್ನು ಹೇಳುತ್ತದೆ. ಸಾತ್ವಿಕಗಳೆಂದರೆ ಸ್ತಂಭ (ಮರಗಟ್ಟಿ ನಿಲ್ಲುವುದು), ಬೆವರು, ರೋಮಾಂಚ, ಸ್ವರಭೇದ, ನಡುಕ, ಬಣ್ಣಗೆಡುವುದು, ಕಣ್ಣೀರು, ಪ್ರಳಯ (ಮೂರ್ಛೆ). ಇವು ಮೈಯಲ್ಲಿ ತಾವಾಗಿ ಮೂಡುವಂಥವು. ನೋಡುವ ಕಣ್ಣಿದ್ದವನಿಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಂಡಕ್ಟರ್ ಎರಡು ಸಲ ಕರೆದರೂ ಕೈ ಚಾಚದೆ ಕುಳಿತ ಹುಡುಗನದು ಸ್ತಂಭವಲ್ಲದೆ ಮತ್ತೇನು?

ಮಾತುಗಾರರೆಲ್ಲ ಮನಸ್ಸು ಅರಿಯದವರೆಂದು ನಾನು ಹೇಳುತ್ತಿಲ್ಲ. ನಿಮ್ಮ ನಿರೂಪಕ ಹುಡುಗ ತಪ್ಪು ಮಾಡಿದ್ದು ಗುರುತಿಸುವುದರಲ್ಲಿ ಅಲ್ಲ. ಮುಖ ಬಾಡಿದ್ದು ಅವನಿಗೂ ಕಂಡಿದೆ. ಸಭೆಯಲ್ಲಿ ಅದನ್ನು ಎತ್ತಬಾರದೆಂಬ ಔಚಿತ್ಯ ಅವನಿಗೆ ಹೊಳೆಯಲಿಲ್ಲ. ಅದು ಕಲಿಯಬಹುದಾದದ್ದು, ನಾವೆಲ್ಲ ಹಿರಿಯರ ಎದುರು ಕುಳಿತು, ಪೆಟ್ಟು ತಿಂದು ಕಲಿತದ್ದೇ.

ಉತ್ತರ 3 – ಮಣಿಪಾಲದ ಆಪ್ತಸಮಾಲೋಚಕಿ

ಕೊಣಾಜೆಯವರು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ, ಆದರೆ ಸ್ವವರದಿಯನ್ನು ಅಷ್ಟು ಬೇಗ ಕಸದ ಬುಟ್ಟಿಗೆ ಹಾಕುವುದನ್ನು ಒಪ್ಪುವುದಿಲ್ಲ. ಸಾಮರ್ಥ್ಯ ಪರೀಕ್ಷೆಯೂ ದೋಷಮುಕ್ತವಲ್ಲ. ಲೆಕ್ಕದ ಪ್ರಶ್ನೆಗೆ ಒಂದು ಸರಿ ಉತ್ತರವಿರುವಂತೆ ಭಾವದ ಪ್ರಶ್ನೆಗೆ ಇರುವುದಿಲ್ಲವಾದ್ದರಿಂದ, ಮೇಯರ್–ಸಲೋವೆ–ಕರೂಸೊ ಪರೀಕ್ಷೆಯ ಆ ರೂಪದಲ್ಲಿ ಬಹುಜನರ ಉತ್ತರವನ್ನೋ 21 ಮಂದಿ ಭಾವಸಂಶೋಧಕರ ಉತ್ತರವನ್ನೋ ಸರಿಯೆಂದು ಹಿಡಿಯುತ್ತಾರೆ. ಆ ಬಹುಜನರಲ್ಲಿ ಮಲ್ಪೆಯ ಬಂದರಿನವರು ಇರಲಿಲ್ಲ. ಮೇಲಾಗಿ, ಚಿತ್ರ ನೋಡಿ ಸರಿ ಉತ್ತರ ಬರೆದವನು ಮನೆಯಲ್ಲಿ ಹಾಗೆಯೇ ನಡೆದುಕೊಳ್ಳುತ್ತಾನೆಂದು ಹೇಳಲು ಬರುವುದಿಲ್ಲ.

ನನ್ನ ಬಳಿಗೆ ಬರುವ ಹದಿನೆಂಟರಿಂದ ಇಪ್ಪತ್ತೈದರವರೆಗಿನ ಮಕ್ಕಳಲ್ಲಿ ಕೌಶಲವಿದ್ದೂ ಅದು ತಮಗಿದೆ ಎಂದು ನಂಬದವರೇ ಬಹಳ. ಸ್ವವರದಿಯಲ್ಲಿ ಕಡಿಮೆ ಅಂಕ ಬಂದಾಗ ನಾನು ‘ಈಕೆಗೆ ಬುದ್ಧಿ ಕಡಿಮೆ’ ಎಂದು ಓದದೆ ‘ಈಕೆಗೆ ತನ್ನ ಮೇಲೆ ಭರವಸೆ ಕಡಿಮೆ’ ಎಂದು ಓದುತ್ತೇನೆ. ಅದೂ ತಿಳಿಯಬೇಕಾದ ಸಂಗತಿಯೇ, ಏಕೆಂದರೆ ಈ ಬಗೆಯ ಅಂಕ ಮನಸ್ಸಿನ ನೆಮ್ಮದಿಯೊಂದಿಗೆ ಚೆನ್ನಾಗಿ ಹೊಂದಿಕೊಂಡು ಹೋಗುವುದು ಮತ್ತೆ ಮತ್ತೆ ಕಂಡುಬಂದಿದೆ. ಉಪನ್ಯಾಸಕಿಯವರು ಇಲ್ಲಿ ಒಂದನ್ನು ಗಮನಿಸಬೇಕು: ಮಾತು ಕಡಿಮೆಯಿರುವುದಕ್ಕೆ ಎರಡು ಬೇರೆ ಬೇರೆ ಬೇರುಗಳಿರಬಹುದು. ಒಬ್ಬರಿಗೆ ಗದ್ದಲ ಬೇಡ, ಅಷ್ಟೇ. ಅದು ಅಂತರ್ಮುಖತೆ, ಚಿಕಿತ್ಸೆ ಬೇಕಾದದ್ದಲ್ಲ. ಇನ್ನೊಬ್ಬರಿಗೆ ಮಾತನಾಡಬೇಕೆಂಬ ಆಸೆ ಇದೆ, ಆದರೆ ಎದೆ ಹೊಡೆದುಕೊಳ್ಳುತ್ತದೆ. ಅದು ಅಸ್ಥಿರತೆಯ ಕಡೆಯದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ.

‘ಇನ್ನು ಬದಲಾಗುವುದುಂಟಾ?’ ಎಂದು ಅವಳು ಕೇಳಿದ್ದಾಳೆ. ಉಂಟು. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು, ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಮಾದರಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ವ್ಯಕ್ತಿತ್ವದ ಗುಣಗಳು ಹೆಚ್ಚು ಬದಲಾಗುವುದು ಹದಿಹರೆಯದಲ್ಲಲ್ಲ, ಇಪ್ಪತ್ತರಿಂದ ನಲ್ವತ್ತರ ನಡುವೆ ಎಂದು ಕಂಡುಬಂತು. ಆ ಅವಧಿಯಲ್ಲಿ ಕರ್ತವ್ಯನಿಷ್ಠೆಯೂ ಮನಸ್ಸಿನ ಸ್ಥಿರತೆಯೂ ಸರಾಸರಿಯಾಗಿ ಏರುತ್ತವೆ. ಕೌಶಲವನ್ನು ಕಲಿಸುವ ತರಬೇತಿಗಳಿಂದಲೂ ಮಧ್ಯಮ ಮಟ್ಟದ ಸುಧಾರಣೆ ಆಗುವುದನ್ನು ಇತ್ತೀಚಿನ ಸಮೀಕ್ಷೆಗಳು ತೋರಿಸಿವೆ. ಒಂದು ದಿನದ ಚಪ್ಪಾಳೆಯಿಂದ ಅಲ್ಲ, ವಾರಗಟ್ಟಲೆಯ ಅಭ್ಯಾಸದಿಂದ.

ಅಭ್ಯಾಸವೆಂದರೆ ಏನೆಂದು ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಮಕ್ಕಳು ಕೋಣೆಗೆ ಬಂದು ಕುಳಿತವರೇ ‘ಮಂಡೆ ಬಿಸಿ ಮೇಡಂ’ ಎನ್ನುತ್ತಾರೆ. ಪರೀಕ್ಷೆಯ ಭಯವೂ ಮಂಡೆ ಬಿಸಿ, ಗೆಳತಿಯ ಮೇಲಿನ ಮುನಿಸೂ ಮಂಡೆ ಬಿಸಿ, ಅಪ್ಪ ಎಲ್ಲರೆದುರು ಬೈದ ಅವಮಾನವೂ ಮಂಡೆ ಬಿಸಿ. ನಾನು ಒಂದು ಹಾಳೆಯಲ್ಲಿ ಹೆದರಿಕೆ, ಸಿಟ್ಟು, ಮುನಿಸು, ನಾಚಿಕೆ, ಅವಮಾನ, ಕೊರಗು, ಅಸೂಯೆ, ಒಂಟಿತನ ಎಂದು ಬರೆದು, ಇದರಲ್ಲಿ ಯಾವುದು ಎಂದು ಕೇಳುತ್ತೇನೆ. ಕೆಲವರು ಐದು ನಿಮಿಷ ಹಾಳೆಯನ್ನೇ ನೋಡುತ್ತ ಕುಳಿತು, ಕೊನೆಗೆ ಬೆರಳಿಡುತ್ತಾರೆ. ಹೆಸರು ಸಿಕ್ಕಿದೊಡನೆ ಅರ್ಧ ದನಿ ಇಳಿಯುತ್ತದೆ. ಬಹಿರ್ಮುಖಿಗಳು ಈ ಅಭ್ಯಾಸದಲ್ಲಿ ಬೇಗ ಮುಗಿಸುತ್ತಾರೆ, ಆದರೆ ಮೊದಲು ಸಿಕ್ಕ ಪದಕ್ಕೇ ಬೆರಳಿಡುವವರೂ ಅವರೇ. ಇದು ನನ್ನ ಅನುಭವ ಮಾತ್ರ, ಸಂಶೋಧನೆಯಲ್ಲ.

ಇನ್ನೊಂದು, ‘ದಾಕ್ಷಿಣ್ಯ’. ಹಿರಿಯರೆದುರು ಸಿಟ್ಟನ್ನು ನುಂಗಿಕೊಂಡವರನ್ನು ಪಾಶ್ಚಾತ್ಯ ಪ್ರಶ್ನಾವಳಿಗಳು ಭಾವವನ್ನು ಅದುಮಿಡುವವರ ಪಟ್ಟಿಗೆ ಸೇರಿಸಿ ಅಂಕ ಕಡಿಯುತ್ತವೆ. ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 2003ರಲ್ಲಿ ರೂಪಿಸಿದ ಹತ್ತು ವಾಕ್ಯಗಳ ಪ್ರಶ್ನಾವಳಿ ಸಂದರ್ಭವನ್ನೇ ಬೇರೆ ರೀತಿ ನೋಡಿ ಸಮಾಧಾನ ಪಡುವುದನ್ನೂ, ಮೂಡಿದ ಭಾವವನ್ನು ಹೊರಗೆ ತೋರದಿರುವುದನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಮೊದಲನೆಯದು ಒಳ್ಳೆಯದು, ಎರಡನೆಯದು ಹಾನಿಕರ ಎಂಬುದು ಆ ಕಾಲದ ಸಾಮಾನ್ಯ ತೀರ್ಮಾನ. ಆದರೆ 2007ರಲ್ಲಿ ಎಮಿಲಿ ಬಟ್ಲರ್, ಟಿಯಾನ್ ಲೀ ಮತ್ತು ಗ್ರಾಸ್ ಅವರೇ, ಅದುಮಿಡುವುದರ ಕೆಡುಕು ಎಲ್ಲ ಸಂಸ್ಕೃತಿಗಳ ಹಿನ್ನೆಲೆಯವರಿಗೂ ಸಮನಾಗಿಲ್ಲ, ಏಷ್ಯಾದ ಮೌಲ್ಯಗಳನ್ನು ಹೆಚ್ಚು ಪಾಲಿಸುವವರಲ್ಲಿ ಕಡಿಮೆ ಎಂದು ತೋರಿಸಿದರು. ನಮ್ಮ ಕೂಡುಕುಟುಂಬಗಳಲ್ಲಿ ಬೆಳೆದ ಹುಡುಗಿಯೊಬ್ಬಳು ಅತ್ತೆಯೆದುರು ಸುಮ್ಮನಿದ್ದು ಸಂಜೆ ಅಕ್ಕನ ಬಳಿ ಹೇಳಿಕೊಂಡರೆ ಅದು ಅದುಮಿಟ್ಟದ್ದೋ, ಸಮಯ ಆರಿಸಿಕೊಂಡದ್ದೋ? ಯಾರ ಬಳಿಯೂ ಹೇಳಿಕೊಳ್ಳದಿದ್ದರೆ ಮಾತ್ರ ನನಗೆ ಚಿಂತೆ.

ಪ್ರಶ್ನೆ ಮುಂದುವರಿದು – ಬಿಜೈನ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿ

ಎಲ್ಲರ ಉತ್ತರಗಳನ್ನು ಓದಿ ಸ್ವಲ್ಪ ಗಾಬರಿಯಾಗಿದೆ, ಏಕೆಂದರೆ ನನ್ನ ಕಿರುಪ್ರಬಂಧದ ವಿಷಯ ಇದೇ: ‘ಮಂಗಳೂರಿನ ಪದವಿ ವಿದ್ಯಾರ್ಥಿಗಳ ಭಾವನಾತ್ಮಕ ಬುದ್ಧಿಮತ್ತೆಯ ಮೇಲೆ ವ್ಯಕ್ತಿತ್ವದ ಪ್ರಭಾವ’. 60 ವಾಕ್ಯಗಳ ವ್ಯಕ್ತಿತ್ವ ಪ್ರಶ್ನಾವಳಿ, 33 ವಾಕ್ಯಗಳ ಭಾವನಾತ್ಮಕ ಬುದ್ಧಿಮತ್ತೆಯ ಪ್ರಶ್ನಾವಳಿ, ಎರಡನ್ನೂ ಕನ್ನಡಕ್ಕೆ ತಂದು ನನ್ನದೇ ಕಾಲೇಜಿನಲ್ಲಿ ತುಂಬಿಸುವುದೆಂದು ಮಾರ್ಗದರ್ಶಕರು ಒಪ್ಪಿದ್ದಾರೆ. ಈಗ ವಿಷಯ ಬದಲಿಸಲು ಸಮಯವಿಲ್ಲ. ಏನಾದರೂ ಉಳಿಸಿಕೊಳ್ಳಬಹುದೇ?

ಉತ್ತರ 4 – ಕೊಣಾಜೆ ಗುಡ್ಡದಿಂದ

ಗಾಬರಿ ಬೇಡ, ವಿಷಯ ಕೆಟ್ಟದ್ದಲ್ಲ. ಶೀರ್ಷಿಕೆಯಿಂದ ‘ಪ್ರಭಾವ’ವನ್ನು ತೆಗೆದು ‘ಸಂಬಂಧ’ ಎಂದು ಹಾಕಿ. ಒಂದೇ ದಿನ ಒಂದೇ ಕೈಯಿಂದ ತುಂಬಿಸಿದ ಎರಡು ಹಾಳೆಗಳಿಂದ ಯಾವುದು ಯಾವುದರ ಮೇಲೆ ಪ್ರಭಾವ ಬೀರಿತೆಂದು ಹೇಳಲಾಗದು. ಆ ದಿನ ವಿದ್ಯಾರ್ಥಿ ಉಲ್ಲಾಸದಲ್ಲಿದ್ದರೆ ಎರಡರಲ್ಲೂ ತನ್ನನ್ನು ಚೆನ್ನಾಗಿಯೇ ಬರೆದುಕೊಳ್ಳುತ್ತಾನೆ, ಸಹಸಂಬಂಧ ಅದರಿಂದಲೇ ಉಬ್ಬುತ್ತದೆ. 60 ವಾಕ್ಯಗಳ ಆ ಪ್ರಶ್ನಾವಳಿಗೆ ಪ್ರಕಾಶಕರ ಅನುಮತಿ ಬೇಕು. ಅದು ಕಷ್ಟವಾದರೆ ಲೂಯಿಸ್ ಗೋಲ್ಡ್‌ಬರ್ಗ್ ಆರಂಭಿಸಿದ ಸಾರ್ವಜನಿಕ ವಾಕ್ಯಭಂಡಾರದ 50 ವಾಕ್ಯಗಳ ರೂಪವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ವಿಶ್ಲೇಷಣೆಗೆ ಮುನ್ನ ಎರಡೂ ಪ್ರಶ್ನಾವಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೆಚ್ಚುಕಡಿಮೆ ಒಂದೇ ಮಾತನ್ನು ಕೇಳುವ ವಾಕ್ಯಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಲೆಕ್ಕವನ್ನು ಅವುಗಳ ಸಹಿತ ಒಮ್ಮೆ, ಅವುಗಳನ್ನು ಬಿಟ್ಟು ಒಮ್ಮೆ ಮಾಡಿ, ಎರಡನ್ನೂ ವರದಿ ಮಾಡಿ. ಸಂಬಂಧ ಎಷ್ಟು ಕುಸಿಯಿತು ಎಂಬುದೇ ನಿಮ್ಮ ಪ್ರಬಂಧದ ಅತ್ಯಂತ ಓದಬೇಕಾದ ಪುಟವಾಗುತ್ತದೆ. ಸಾಧ್ಯವಿದ್ದರೆ ಪ್ರತಿ ವಿದ್ಯಾರ್ಥಿಯ ಬಗ್ಗೆ ಅವನ ಒಪ್ಪಿಗೆ ಪಡೆದು ಗೆಳೆಯನೊಬ್ಬನಿಂದಲೂ ನಾಲ್ಕೈದು ವಾಕ್ಯಗಳಿಗೆ ಅಂಕ ಹಾಕಿಸಿ. ತನ್ನ ಬಗ್ಗೆ ತಾನೇ ಹೇಳುವುದಕ್ಕೂ ಪಕ್ಕದಲ್ಲಿ ಕೂರುವವನು ಹೇಳುವುದಕ್ಕೂ ಎಷ್ಟು ಅಂತರವಿದೆ ನೋಡಿ.

ಅನುವಾದವನ್ನು ಲಘುವಾಗಿ ಎಣಿಸಬೇಡಿ. ಒಬ್ಬರು ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸಬೇಕು. ನಾನು ಹಾಗೆ ಮಾಡಿದಾಗ ಸಿಕ್ಕಿಬಿದ್ದ ಪದ ‘ಬೇಜಾರು’. ಮೂಲದಲ್ಲಿ ದುಃಖವೆಂದಿದ್ದಲ್ಲಿ ನಾನು ಬೇಜಾರು ಎಂದು ಬರೆದಿದ್ದೆ. ಮರಳಿ ಬಂದದ್ದು ಒಂದು ಕಡೆ ಏನೂ ಮಾಡಲು ತೋಚದ ಬೇಸರವಾಗಿ, ಇನ್ನೊಂದು ಕಡೆ ಮನನೊಂದದ್ದಾಗಿ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡಿ ಕನ್ನಡದಲ್ಲಿ ಓದುವ ವಿದ್ಯಾರ್ಥಿಗಳಿರುವ ನಮ್ಮ ಊರಿನಲ್ಲಿ, ಮೊದಲು ಹತ್ತು ಮಂದಿಯನ್ನು ಕೂರಿಸಿ ‘ಈ ವಾಕ್ಯದಿಂದ ನಿಮಗೇನು ಅರ್ಥವಾಯಿತು?’ ಎಂದು ಬಾಯಿಯಲ್ಲೇ ಕೇಳಿ ನೋಡುವುದು ಲೇಸು.

ಆಪ್ತಸಮಾಲೋಚಕಿಯವರ ತಿದ್ದುಪಡಿಯನ್ನು ಒಪ್ಪಿಕೊಂಡಿದ್ದೇನೆ. ಸ್ವವರದಿ ನಿರುಪಯುಕ್ತವೆಂಬ ದನಿ ನನ್ನ ಬರಹದಲ್ಲಿ ಬಂದಿತ್ತು. ನನ್ನ ತಕರಾರು ಅದರ ಹೆಸರಿನ ಬಗ್ಗೆ ಮಾತ್ರ.

ಪ್ರಶ್ನೆ ಕೇಳಿದವರ ಮರುಮಾತು – ಕಲ್ಸಂಕದ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞಳು. ನಿನ್ನೆ ಬಿಡುವಿನ ಅವಧಿಯಲ್ಲಿ ಅವಳನ್ನು ಕರೆದು, ಆ ಹಾಳೆಯನ್ನು ನಡುವೆ ಇಟ್ಟುಕೊಂಡು ಒಂದೊಂದೇ ವಾಕ್ಯವನ್ನು ಓದಿದೆವು. ಪ್ರತಿ ವಾಕ್ಯದ ಮುಂದೆ ‘ಸ್ವಭಾವ’ ಅಥವಾ ‘ಕೌಶಲ’ ಎಂದು ಅವಳಿಂದಲೇ ಬರೆಸಿದೆ. ಅವಳು ಒಂದು, ಎರಡು ಅಂಕ ಹಾಕಿಕೊಂಡ ವಾಕ್ಯಗಳಲ್ಲಿ ಮೂರನ್ನು ಬಿಟ್ಟು ಉಳಿದವೆಲ್ಲ ‘ಸ್ವಭಾವ’ದ ಕಡೆ ಬಿದ್ದವು. ಆ ಮೂರರಲ್ಲಿ ಒಂದು, ತನಗೆ ಸಹಾಯ ಬೇಕಾದಾಗ ಕೇಳುತ್ತೇನೆ ಎಂಬರ್ಥದ್ದು. ಅದರ ಮುಂದೆ ಅವಳು ಪೆನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. ಮಣಿಪಾಲದ ಮೇಡಂ ಹೇಳಿದ ಎರಡು ಬೇರುಗಳ ಮಾತು ನನಗೆ ಆಗ ನೆನಪಾಯಿತು; ಅವಳದು ಯಾವುದೆಂದು ಇನ್ನೂ ತಿಳಿದಿಲ್ಲ, ಮುಂದಿನ ಮಂಗಳವಾರ ಮತ್ತೆ ಕುಳಿತುಕೊಳ್ಳುವುದೆಂದು ಮಾತಾಗಿದೆ.

ನಿರೂಪಕ ಹುಡುಗನ ಹಾಳೆಯನ್ನೂ ನೋಡಬೇಕೆಂದಿದ್ದೆ. ಅವನು ಅದನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗಿದ್ದಾನಂತೆ.